ಮುಂದಿನ ಸಾಲಿನ ಮೂರನೇ ಕುರ್ಚಿ

ನನ್ನ ಕಿವಿ ಒಂದೇ ದಿನಕ್ಕೆ ಹೋದದ್ದಲ್ಲ. ದೊಡ್ಡಬಳ್ಳಾಪುರದಲ್ಲಿ ಮೂವತ್ತು ವರ್ಷ ಪವರ್‌ಲೂಮ್ ಪಕ್ಕ ನಿಂತು ಸೀರೆ ನೇಯ್ದವನಿಗೆ ಕಿವಿ ಉಳಿದರೇ ಆಶ್ಚರ್ಯ. ಮಗ್ಗದ ಶೆಡ್ಡಿನಲ್ಲಿ ಯಾರೂ ಕೂಗಿ ಮಾತಾಡುವುದಿಲ್ಲ, ಕೂಗಿದರೂ ಕೇಳುವುದಿಲ್ಲ. ತುಟಿಯನ್ನು ದೊಡ್ಡದಾಗಿ ಆಡಿಸುತ್ತೇವೆ, ಎದುರಿಗಿರುವವರು ಓದಿಕೊಳ್ಳುತ್ತಾರೆ. ನನ್ನ ಹೆಂಡತಿಯೂ ಅದೇ ಶೆಡ್ಡಿನಲ್ಲಿ ನೂಲು ಸುತ್ತುತ್ತಿದ್ದಳು. ನಮ್ಮ ಜಗಳ, ರಾಜಿ ಎಲ್ಲಾ ತುಟಿಯಲ್ಲೇ ನಡೆಯುತ್ತಿದ್ದವು.

ಇಂಥವನಿಗೆ ಕೊಳಲಿನ ಹುಚ್ಚು ಬೇರೆ! ಭಾನುವಾರ ಬೆಳಿಗ್ಗೆ ಹೈಸ್ಕೂಲಿನ ಕೊಠಡಿಯಲ್ಲಿ ಸೇರುತ್ತಿದ್ದ ನಮ್ಮೂರ ಆರ್ಕೆಸ್ಟ್ರಾದಲ್ಲಿ ಕೊಳಲು ನನ್ನದು. ರಿಟೈರಾದ ಮೇಷ್ಟ್ರೊಬ್ಬರು ಕೀಬೋರ್ಡ್ ನುಡಿಸುತ್ತಾ ನಮ್ಮನ್ನೆಲ್ಲ ನಡೆಸುತ್ತಿದ್ದರು. ಮೆಡಿಕಲ್ ಸ್ಟೋರಿನವನು ತಬಲ. ಹಾಡುವವಳು ನರ್ಸ್. ಮಗ್ಗ ಬಲ್ಲವರು ಯಾರೂ ಇರಲಿಲ್ಲ.

ನನ್ನ ಕೊಳಲು ನನಗೆ ಹಲ್ಲಿನಲ್ಲಿ, ದವಡೆಯಲ್ಲಿ ತಿಳಿಯುತ್ತಿತ್ತು. ಉಳಿದವರದ್ದು ಬರೀ ಗುಂಯ್ ಎನ್ನುವ ಸದ್ದು. ಪ್ರಾಕ್ಟೀಸಿನಲ್ಲಿ ದುಂಡಗೆ ಕೂರುತ್ತಿದ್ದೆವು, ತಬಲದವನ ಕೈ, ನರ್ಸಮ್ಮನ ಬಾಯಿ ನೋಡಿಕೊಂಡು ಹೇಗೋ ಸಂಭಾಳಿಸುತ್ತಿದ್ದೆ. ವೇದಿಕೆ ಮೇಲೆ ಅವಳು ನಮಗೆ ಬೆನ್ನು ಮಾಡಿ ಜನರ ಕಡೆ ನಿಲ್ಲುತ್ತಿದ್ದಳು. ಆಗ ನನ್ನ ಕಿವಿ ಎಂದರೆ ಹೆಂಡತಿ. ಪ್ರತಿ ಕಾರ್ಯಕ್ರಮಕ್ಕೂ ಮುಂದಿನ ಸಾಲಿನ ಮೂರನೇ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ತಾಳ ಹಾಕುತ್ತಾ ಹಾಡನ್ನು ತುಟಿಯಲ್ಲಿ ಹೇಳುತ್ತಿದ್ದಳು. ಅವಳ ತುಟಿ ನಿಂತರೆ ನನ್ನ ಕೊಳಲು ಶುರು.

"ಏನ್ ಗುರು, ಹೆಂಡ್ತಿ ಮುಖ ನೋಡ್ದಿದ್ರೆ ಊದಕ್ಕಾಗಲ್ವಾ?" ಎಂದು ತಬಲದವನು ರೇಗಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಗತ್ತು ಜಾಸ್ತಿ ಎಂದೂ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ. ಕಿವುಡ ಅನ್ನಿಸಿಕೊಂಡು ಕೊಳಲು ಕೆಳಗಿಡುವುದಕ್ಕಿಂತ ಗತ್ತಿನ ಮನುಷ್ಯ ಅನ್ನಿಸಿಕೊಳ್ಳುವುದೇ ವಾಸಿ.

ಸ್ವಾತಂತ್ರ್ಯ ಬಂದು ಎಪ್ಪತ್ತೈದು ವರ್ಷವಾದ ಸಂಭ್ರಮಕ್ಕೆ ಹೈಸ್ಕೂಲ್ ಮೈದಾನದಲ್ಲಿ ನಮ್ಮ ದೇಶಭಕ್ತಿಗೀತೆಗಳ ಕಾರ್ಯಕ್ರಮ ನಿಗದಿಯಾಯಿತು. ಒಂಬತ್ತು ಹಾಡು, ಮೂರು ತಿಂಗಳ ಪ್ರಾಕ್ಟೀಸು. ಉಳಿದವಕ್ಕೆ ಮೇಷ್ಟ್ರೂ ತಬಲದವನೂ ದನಿಗೂಡಿಸುವುದು, ನರ್ಸಮ್ಮ ಒಬ್ಬಳೇ ಹಾಡುವುದು ಒಂಬತ್ತನೆಯದು. ಕೊನೆಗೆ ರಾಷ್ಟ್ರಗೀತೆ, ಅದಕ್ಕೆ ಶುರು ಕೊಡಬೇಕಾದವನು ನಾನು. ಅಷ್ಟರಲ್ಲಾಗಲೇ ಹೆಂಡತಿ ತೀರಿಕೊಂಡು ಏಳು ತಿಂಗಳಾಗಿತ್ತು. ಮೂರು ದಿನದ ಜ್ವರ, ಅಷ್ಟೇ. ಅವಳಿಲ್ಲದೆ ನಾನು ವೇದಿಕೆ ಹತ್ತುವುದು ಇದೇ ಮೊದಲು. ಮನೆಯಲ್ಲಿ ಈ ಕೊಳಲು ಬಿಟ್ಟರೆ ನನಗೆ ಇನ್ನೇನೂ ಇರಲಿಲ್ಲ. ಇದೂ ಹೋದರೆ ಭಾನುವಾರ ಎದ್ದು ಏನು ಮಾಡಲಿ ಎಂಬ ಭಯಕ್ಕೆ ಯಾರಿಗೂ ಬಾಯಿ ಬಿಡಲಿಲ್ಲ.

ಆವತ್ತು ಬಾವುಟ ಹಾರಿಸಿದ ಮೇಲೆ ಶಾಮಿಯಾನದಲ್ಲಿ ಜನ ಕೂತರು. ಮುಖ್ಯ ಅತಿಥಿ ಬಂದದ್ದು ಎರಡು ಗಂಟೆ ತಡವಾಗಿ. ಮೇಷ್ಟ್ರು ನಮ್ಮ ಕಡೆ ಅರೆಬರೆ ತಿರುಗಿ ಅದೇನೋ ಹೇಳಿದರು. 'ಹಾಡು', 'ಕಡಿಮೆ' ಎಂಬಷ್ಟು ತುಟಿಯಿಂದ ಸಿಕ್ಕಿತು. ಎಷ್ಟು ಕಡಿಮೆ ಎಂಬುದು ಸಿಗಲಿಲ್ಲ. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ.

ಮೂರನೇ ಕುರ್ಚಿಯಲ್ಲಿ ಯಾರೋ ಸಾಹೇಬರು ಕೂತು ಮೊಬೈಲ್ ನೋಡುತ್ತಿದ್ದರು. ಆದರೆ ಹಾಡು ಶುರುವಾಗುತ್ತಿದ್ದ ಹಾಗೆ ಹಿಂದಿನ ಸಾಲುಗಳಲ್ಲಿ ಕೂತಿದ್ದ ಮಗ್ಗದ ಹೆಂಗಸರ ತುಟಿ ಆಡತೊಡಗಿತು. ಎಲ್ಲರಿಗೂ ಬಾಯಿಗೆ ಬರುವ ಹಾಡುಗಳಲ್ಲವೇ! ಅವರು ಹಾಡುವುದೂ ಶೆಡ್ಡಿನವರ ಹಾಗೇ, ದೊಡ್ಡ ಬಾಯಿ ಮಾಡಿಕೊಂಡು. ಅವರ ತುಟಿ ನಿಂತಲ್ಲಿ ನಾನು ಹಿಡಿದೆ. ಒಂದಾಯಿತು, ಎರಡಾಯಿತು, ನಾಲ್ಕಾಯಿತು. ಒಂದೂ ತಪ್ಪಲಿಲ್ಲ. ನೋಡೇ, ನೀನಿಲ್ಲದೆಯೂ ದಾಟಿಬಿಟ್ಟೆ ಕಣೇ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಖುಷಿಯೂ ಆಯಿತು, ಹಾಗೆ ಹೇಳಿಕೊಂಡಿದ್ದಕ್ಕೆ ನಾಚಿಕೆಯೂ ಆಯಿತು.

ನಾಲ್ಕನೇ ಹಾಡು ಮುಗಿದು ಚಪ್ಪಾಳೆ ನಿಂತಿತು. ಇದ್ದಕ್ಕಿದ್ದ ಹಾಗೆ ಮುಂದಿನ ಸಾಲು ಪೂರ್ತಿ ಎದ್ದು ನಿಂತಿತು. ಅದರ ಹಿಂದಿನದೂ ಎದ್ದಿತು. ಓಹೋ, ಮೇಷ್ಟ್ರು ಇಲ್ಲಿಗೇ ಮುಗಿಸಿದರು, ಇನ್ನು ರಾಷ್ಟ್ರಗೀತೆ, ಶುರು ನನ್ನದು ಎಂದುಕೊಂಡು ಕೊಳಲು ತುಟಿಗಿಟ್ಟು ಊದಿಯೇಬಿಟ್ಟೆ.

ಎದ್ದವರು ರಾಷ್ಟ್ರಗೀತೆಗೆ ಎದ್ದಿರಲಿಲ್ಲ. ನಮ್ಮ ಕಡೆಯ ಮುಖ್ಯ ಅತಿಥಿಗಳು ಅರ್ಧಕ್ಕೇ ಎದ್ದು ಹೋಗುವುದು, ಅವರು ಎದ್ದರೆ ಎಲ್ಲರೂ ಏಳುವುದು ಹೊಸದೇನಲ್ಲ. ಪೇಟ, ಶಾಲು ಹೊತ್ತಿದ್ದ ಅತಿಥಿ ಎರಡು ಹೆಜ್ಜೆ ಇಟ್ಟವರು ಅಲ್ಲೇ ಸೆಟೆದು ನಿಂತರು. ಅವರ ಹಣ್ಣಿನ ಬುಟ್ಟಿ ಹಿಡಿದವನೂ ನಿಂತ. ಮೇಷ್ಟ್ರು ನನ್ನನ್ನು ದುರುದುರು ನೋಡಿದರು, ಆದರೆ ರಾಷ್ಟ್ರಗೀತೆಯನ್ನು ನಿಲ್ಲಿಸುವುದುಂಟೇ? ಕೀಬೋರ್ಡಿಗೆ ಕೈ ಹಾಕಿದರು. ಮುಗಿದ ಮೇಲೆ ಜನ ಮತ್ತೆ ಕೂರಲಿಲ್ಲ, ಗೇಟಿನ ಹತ್ತಿರ ಲಾಡು ಹಂಚುವ ಕಡೆಗೆ ನಡೆದರು. ಐದು ಹಾಡು ಹಾಗೇ ಉಳಿದವು. ನರ್ಸಮ್ಮ ಮೈಕ್ ಹಿಡಿದುಕೊಂಡೇ ಅಳುತ್ತಿದ್ದಳು.

ನಾನು ತಲೆ ತಗ್ಗಿಸಿ ಕೊಳಲನ್ನು ಚೀಲಕ್ಕೆ ಹಾಕುತ್ತಿದ್ದೆ. ತಲೆ ಎತ್ತಿದಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಬೆನ್ನ ಹಿಂದೆ ಮೇಷ್ಟ್ರು ನಿಂತಿದ್ದರು. ಅಲ್ಲಿಂದ ಎಷ್ಟು ಸಲ ಕರೆದಿದ್ದರೋ ಗೊತ್ತಿಲ್ಲ. ಅವರು ಸುತ್ತಿ ಬಂದು ಎದುರಿಗೆ ನಿಂತರು. ಮುಖದಲ್ಲಿ ಸಿಟ್ಟಿರಲಿಲ್ಲ.

"ಕೇಳ್ಸಲ್ವೇನಪ್ಪಾ?"

"ಇಲ್ಲ ಸಾರ್."

"ಇಷ್ಟು ವರ್ಷ ಹೆಂಗ್ ನುಡಿಸ್ದೆ ಮತ್ತೆ?"

"ಅವಳು ಮುಂದೆ ಕೂತ್ಕೊಂಡು ಹೇಳ್ಕೊಡ್ತಿದ್ಲಲ್ಲ ಸಾರ್."

ತಬಲದವನು ತಬಲದ ಗವಸು ಹುಡುಕತೊಡಗಿದ.

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸ್ವಲ್ಪ ದಿನ ರೆಸ್ಟ್ ತಗೊಳ್ಳಪ್ಪಾ. ಕಾರ್ಯಕ್ರಮಕ್ಕೆ ಮಾತ್ರ ತಪ್ಪಿಸ್ಬೇಡ, ಬಂದು ಮುಂದೆ ಕೂತ್ಕೊ" ಎಂದರು ಮೇಷ್ಟ್ರು. ಅವರ ತುಟಿಯಿಂದ ಒಂದಕ್ಷರವೂ ತಪ್ಪಿಹೋಗಲಿಲ್ಲ. ಈಗ ಕೊಳಲು ನುಡಿಸುವವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು. ಒಳ್ಳೆಯ ಕೈ ಎನ್ನುತ್ತಾರೆ.

ನಾನು ಹೋಗುತ್ತೇನೆ. ಮೂರನೇ ಕುರ್ಚಿ ಖಾಲಿಯಿದ್ದರೆ ಅದರಲ್ಲೇ ಕೂತು, ತೊಡೆಯ ಮೇಲೆ ತಾಳ ಹಾಕುತ್ತಾ ತುಟಿಯಲ್ಲಿ ಹಾಡು ಹೇಳುತ್ತೇನೆ. ಕೊಳಲು ಬರಬೇಕಾದ ಕಡೆ ತುಟಿ ನಿಲ್ಲಿಸಿ ಮೇಲೆ ನೋಡುತ್ತೇನೆ. ಬ್ಯಾಂಕಿನವರು ಕಣ್ಣು ಮುಚ್ಚಿಕೊಂಡು ನುಡಿಸುತ್ತಿರುತ್ತಾರೆ.