ಅರ್ಧ ದಿನದಲ್ಲಿ ಕವರ್ ಮಾಡಿದ ಊರು

ಅಕ್ಕನ ಮೆಸೇಜು ಬಂದಾಗ ನಾನು ಅಡುಗೆಮನೆಯ ಕಪಾಟು ಒರೆಸುತ್ತಿದ್ದೆ. ಹುಣಸೆಹಣ್ಣಿನ ಪೊಟ್ಟಣದ ಹಿಂದಿನಿಂದ ಒಂದು ಸಾಸ್ ಬಾಟಲಿ ಆಗಷ್ಟೇ ಕೈಗೆ ಸಿಕ್ಕಿತ್ತು. ಹಳದಿ ಮೆಣಸಿನಕಾಯಿಯ ಚಿತ್ರ, ಅದರ ಕೆಳಗೊಂದು ಕೋಟೆ. ಮುಚ್ಚಳದ ಸೀಲು ಇನ್ನೂ ಒಡೆದಿಲ್ಲ. ಅದನ್ನು ಹಿಡಿದುಕೊಂಡೇ ಫೋನು ನೋಡಿದೆ. "ಸ್ಪ್ರಿಂಗ್ ಬ್ರೇಕ್‌ಗೆ ಮತ್ತೆ ಫ್ಲೋರಿಡಾಗೆ ಹೊರಟಿದ್ದೀವಿ ಕಣೇ. ಈ ಸಲ ಶಾರ್ಲೆಟ್ ಮೇಲೆ ಬರ್ತೀವಿ. ನಿನ್ ಮನೇಲಿ ಒಂದಿನ ಉಳ್ಕೋಬಹುದಾ?" ಕೊನೆಗೊಂದು ನಗುಮುಖ.

ಎಷ್ಟು ಸಲೀಸಾಗಿ ಕೇಳಿಬಿಟ್ಟಳು ನೋಡಿ. ಇದೇ ಪ್ರಶ್ನೆಯನ್ನು ಅವಳಿಗೆ ಕೇಳಬೇಕೆಂದು ನಾನೊಮ್ಮೆ ಮೂರು ರಾಜ್ಯ ದಾಟಿ ಹೋಗಿದ್ದೆ. ಕೇಳಲಾಗದೆ ಈ ಬಾಟಲಿ ಹಿಡಿದುಕೊಂಡು ವಾಪಸು ಬಂದಿದ್ದೆ.

ಮಾಸ್ಕುಗಳು ಜನರ ಮುಖ ಬಿಟ್ಟು ಕಾರಿನ ಕನ್ನಡಿಗೆ ನೇತುಬಿದ್ದಿದ್ದ ವಸಂತ ಅದು. ಆಗ ನಾನು ಮಾರಿಸ್‌ವಿಲ್‌ನಲ್ಲಿದ್ದೆ, ಆಗಿನ ನನ್ನ ಗಂಡನ ಜೊತೆ. ಅವನು ಕೈ ಎತ್ತಿದವನಲ್ಲ. ಮಾತು ಬಿಟ್ಟುಬಿಡುತ್ತಿದ್ದ, ವಾರಗಟ್ಟಲೆ. ಎರಡು ವರ್ಷ ಇಬ್ಬರೂ ಮನೆಯೊಳಗೇ ಎಂದರೆ ಏನರ್ಥ ಹೇಳಿ: ಅವನಿಗೆ ಮೇಲಿನ ಕೋಣೆಯಲ್ಲಿ ಆಫೀಸು, ನನಗೆ ಕೆಳಗೆ ಅಡುಗೆಮನೆ. ನಡುವೆ ಮೆಟ್ಟಿಲ ಮೇಲೆ ಕಾಫಿ ಲೋಟ ಇಟ್ಟು ಬರುತ್ತಿದ್ದೆ, ಖಾಲಿ ಲೋಟ ತಂದುಕೊಳ್ಳುತ್ತಿದ್ದೆ. ಬಾಯಿ ಬಿಟ್ಟರೆ ಹೀಯಾಳಿಕೆ. "ಹೋಗೋದಾದ್ರೆ ಹೋಗು, ಎಲ್ಲಿಗೆ ಹೋಗ್ತೀಯ ನೋಡ್ತೀನಿ" ಎಂದ ಒಂದು ದಿನ. ಹೋಗುವುದಕ್ಕೆ ನನಗೆ ಗೊತ್ತಿದ್ದದ್ದು ಒಂದೇ ಜಾಗ, ಆಶ್‌ಬರ್ನ್‌ನ ಅಕ್ಕನ ಮನೆಯ ಬೇಸ್‌ಮೆಂಟು. ಅಲ್ಲಿ ಹಾಸಿಗೆಯಿದೆ, ಬಚ್ಚಲಿದೆ, ಯಾರೂ ಓಡದೆ ಬಟ್ಟೆ ಒಣಹಾಕುವ ಟ್ರೆಡ್‌ಮಿಲ್ ಇದೆ. ಒಂದು ಕೆಲಸ ಸಿಗುವ ತನಕ ಅಲ್ಲಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಇದನ್ನು ಫೋನಿನಲ್ಲಿ ಕೇಳಬಾರದು, ಎದುರು ಕೂತು ಕೇಳಬೇಕು ಎಂದು ನನ್ನ ಹಟ. ಅಕ್ಕ, ಭಾವ, ಮಗಳು ತನ್ವಿ ಒರ್ಲ್ಯಾಂಡೋಗೆ ಹೊರಟಿದ್ದರು. "ದಾರೀಲಿ ನಿನ್ನೂ ಪಿಕಪ್ ಮಾಡ್ತೀವಿ, ಬಾ" ಎಂದಿದ್ದಳು ಅಕ್ಕ. ಕಾರಿನಲ್ಲಿ ಭಾವ ಮತ್ತು ಮಗುವಿನ ಮುಂದೆ ಇಂಥ ಮಾತು ಆಗದು. ಅದಕ್ಕೇ ನಾನು ಕುಳಿತು ನಕ್ಷೆ ನೋಡಿ ಸೇಂಟ್ ಅಗಸ್ಟೀನ್ ಹುಡುಕಿದ್ದು. ಸ್ಪೇನಿನವರು ಕಟ್ಟಿದ ಹಳೇ ಊರು, ದಾರಿಯಲ್ಲೇ ಇದೆ, ಅರ್ಧ ದಿನ ಇಳಿಯೋಣ ಎಂದೆ. ಚರಿತ್ರೆಯ ಮೇಲೆ ನನಗಿದ್ದ ಪ್ರೀತಿ ಅಷ್ಟರಲ್ಲೇ ಇದೆ. ಊರ ನಡುವಿನ ಚೌಕದಲ್ಲಿ ಓಕ್ ಮರಗಳ ಕೆಳಗೆ ಬೆಂಚುಗಳಿರುವ ಫೋಟೋ ನೋಡಿದ್ದೆ, ಬೆಂಚಿಗಾಗಿಯೇ ಊರನ್ನು ಆರಿಸಿದ್ದೆ.

ದಾರಿಯುದ್ದಕ್ಕೂ ನನ್ನ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. 'ಸ್ವಲ್ಪ ದಿನ' ಅನ್ನಲೇ, 'ಕೆಲಸ ಸಿಗೋವರೆಗೂ' ಅನ್ನಲೇ? ಬಾಡಿಗೆ ಕೊಡ್ತೀನಿ ಅಂದರೆ ಅಕ್ಕ ಬೇಜಾರು ಮಾಡಿಕೊಳ್ಳುತ್ತಾಳಲ್ಲವೇ? ಒಡಹುಟ್ಟಿದವಳ ಜೊತೆ ಮಾತಾಡಲು ಇಂಟರ್‌ವ್ಯೂಗೆ ತಯಾರಾದಂತೆ ತಯಾರಾಗಿದ್ದ ದಡ್ಡಿ ನಾನು.

ನಮ್ಮವರ ಪ್ರವಾಸ ನಿಮಗೆ ಗೊತ್ತಿರಬೇಕು. ನಾವು ಊರು ನೋಡುವುದಿಲ್ಲ, ಕವರ್ ಮಾಡುತ್ತೇವೆ. ಪಾರ್ಕಿಂಗ್ ಗ್ಯಾರೇಜಿನಲ್ಲಿ ಕಾರಿನ ಡಿಕ್ಕಿ ತೆರೆದು, ಸ್ಟೀಲ್ ಡಬ್ಬಿಯ ಪುಳಿಯೋಗರೆ, ಮೊಸರನ್ನ ಪೇಪರ್ ಪ್ಲೇಟಿಗೆ ಬಡಿಸಿಕೊಂಡು ನಿಂತೇ ಉಣ್ಣುತ್ತೇವೆ, ಹೋಟೆಲಿನಲ್ಲಿ ಕೂತರೆ ಎರಡು ಜಾಗ ತಪ್ಪಿಹೋದಾವೆಂದು. ಅಕ್ಕ ಈ ವಿದ್ಯೆಯಲ್ಲಿ ಪಾರಂಗತೆ. ಆದರೂ ಆ ದಿನದ ಅವಳ ಅವಸರ ನನಗೇ ಹೊಸದು. ಕೈ ತೊಳೆದ ನೀರು ಆರುವ ಮುಂಚೆ ಹೊರಟಳು. ಊರಬಾಗಿಲಿನ ಕಲ್ಲುಕಂಬಗಳ ಮುಂದೆ ಒಂದು ಫೋಟೋ. ಮರದ ಬಾಲ್ಕನಿಗಳು ಬಾಗಿ ನಿಂತ ಇಕ್ಕಟ್ಟು ಬೀದಿಯಲ್ಲಿ ಇನ್ನೊಂದು.

ಕೋಟೆಯಲ್ಲಿ ಹಳೇ ಕಾಲದ ಸಿಪಾಯಿಯ ವೇಷದವನೊಬ್ಬ ವಿವರಿಸುತ್ತಿದ್ದ. ಗೋಡೆಯ ಕಲ್ಲೆಲ್ಲ ಸಮುದ್ರದ ಚಿಪ್ಪುಗಳು ಒತ್ತಿಕೊಂಡು ಆದದ್ದಂತೆ. ಇಂಗ್ಲಿಷರು ಎಷ್ಟು ಗುಂಡು ಹೊಡೆದರೂ ಗೋಡೆ ಬಿರಿಯಲಿಲ್ಲವಂತೆ, ಗುಂಡುಗಳು ಒಳಗೆ ಹೂತುಕೊಂಡವಂತೆ. ತನ್ವಿ ಕಣ್ಣರಳಿಸಿ ಕೇಳುತ್ತಿದ್ದಳು, ಭಾವ ವೀಡಿಯೋ ಮಾಡುತ್ತಿದ್ದರು. ಇದೇ ಸಮಯವೆಂದು ಅಕ್ಕನ ಕೈ ಹಿಡಿದೆ.

"ಅಕ್ಕ, ನಿನ್ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು."

"ಮಾತಾಡೋಣ ಕಣೇ, ಫಸ್ಟ್ ಮೇಲಿಂದ ವ್ಯೂ ನೋಡ್ಬಿಡೋಣ."

ಮೇಲೆ ಹೋದರೆ ಫಿರಂಗಿ. ಫಿರಂಗಿ ಮುಗಿದರೆ ಇಗರ್ಜಿ. ಕೊನೆಗೂ ಆ ಚೌಕ ಬಂತು. ಓಕ್ ಮರಗಳು ಫೋಟೋದಲ್ಲಿದ್ದಂತೆಯೇ ಇದ್ದವು, ನೆರಳಲ್ಲಿ ಬೆಂಚು ಖಾಲಿಯಿತ್ತು. ನಾನು ಕೂತುಬಿಟ್ಟೆ. ಪಕ್ಕದ ಜಾಗವನ್ನು ಕೈಯಿಂದ ತಟ್ಟಿ ತೋರಿಸಿದೆ.

"ಇಲ್ಲಿ ಕೂತು ಏನ್ ಮಾಡ್ತೀಯ? ಬೆಂಚು ಆಶ್‌ಬರ್ನ್‌ನಲ್ಲೂ ಇದೆ" ಎಂದಳು ಅಕ್ಕ. "ಆ ಬ್ರಿಡ್ಜ್ ಹತ್ರ ಮಾರ್ಬಲ್ ಸಿಂಹ ಇದ್ಯಂತೆ. ಏಳು, ಏಳು."

ಸಿಂಹಗಳನ್ನೂ ನೋಡಿದೆವು. ನನಗೆ ಅವುಗಳ ಮುಖ ನೆನಪಿಲ್ಲ.

ಆಮೇಲೆ ಅಕ್ಕ ಅಂಗಡಿಯೊಂದಕ್ಕೆ ನುಗ್ಗಿದಳು, ಭಾವ ಕಾರು ತರಲು ಹೋದರು. ನಾನೂ ತನ್ವಿಯೂ ನೀರಿನ ಕಡೆಯ ಗೋಡೆಯ ಮೇಲೆ ಕೂತಿದ್ದೆವು. ಅವಳು ಐಸ್‌ಕ್ರೀಮ್ ನೆಕ್ಕುತ್ತಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಚಿಕ್ಕಮ್ಮ, ಆರ್ ಯು ಸ್ಯಾಡ್? ನೀನು ನಮ್ ಬೇಸ್‌ಮೆಂಟ್‌ಗೆ ಬರಲ್ಲ, ಅದಕ್ಕಾ?"

"ಯಾರು ಹೇಳಿದ್ರು ಪುಟ್ಟಿ?"

"ಚಿಕ್ಕಪ್ಪ ಕಾಲ್ ಮಾಡಿ, ನೀನು ನಮ್ ಮನೆಗೆ ಬರ್ಬಹುದು ಅಂದ್ರು. ಅಮ್ಮ ಅಪ್ಪಂಗೆ ಹೇಳಿದ್ಳು, ಅವ್ಳು ಕೇಳಿದ್ರೆ ನೋ ಅನ್ನಕ್ಕೆ ಆಗಲ್ಲ, ಸೋ ಕೇಳೋಕೇ ಬಿಡ್ಬಾರ್ದು ಅಂತ. ಬಟ್ ಐ ವಾಂಟ್ ಯು ಟು ಕಮ್."

ಮಗು ಅಷ್ಟು ಹೇಳಿ ಐಸ್‌ಕ್ರೀಮಿನ ಕೆಲಸಕ್ಕೆ ಮರಳಿತು. ನನ್ನ ಕಾಲ ಕೆಳಗೆ ನೀರು ಗೋಡೆಗೆ ಬಡಿಯುತ್ತಿತ್ತು. ಅಕ್ಕ ಬಂದು ನನ್ನ ಕೈಯಲ್ಲಿ ಈ ಬಾಟಲಿ ಇಟ್ಟಳು. "ತಗೋ, ಈ ಊರಿನ ಮೆಣಸಿನಕಾಯಿದಂತೆ. ನಿಂಗೆ ಖಾರ ಇಷ್ಟ ಅಲ್ವಾ?" ಅಷ್ಟರಲ್ಲಿ ಭಾವನ ಕಾರು ಬಂದು ನಿಂತಿತು, ಹಿಂದಿನ ಕಾರಿನವನು ಹಾರ್ನ್ ಹಾಕಿದ. ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟ ಮೇಲೆ ಅಕ್ಕ ತಿರುಗಿ ಕೇಳಿದಳು, "ಅಂದ್ಹಾಗೆ ಏನೋ ಮಾತಾಡ್ಬೇಕು ಅಂತಿದ್ಯಲ್ಲ, ಏನದು?"

"ಏನಿಲ್ಲ ಅಕ್ಕ" ಎಂದೆ.

"ಅರ್ಧ ದಿನದಲ್ಲಿ ಎಷ್ಟ್ ಚೆನ್ನಾಗಿ ಕವರ್ ಮಾಡಿದ್ವಿ, ಅಲ್ವಾ?" ಎಂದಳು ಕಾರಿನಲ್ಲಿ, ಎಲ್ಲರನ್ನೂ ಸೇರಿಸಿ. ಅವಳ ದನಿಯಲ್ಲಿ ಒಂದು ನಿರಾಳವಿತ್ತು. ಆ ಸಂಜೆಯೇ ಗ್ರೂಪಿನಲ್ಲಿ ಫೋಟೋಗಳು ಬಂದವು. ಎಲ್ಲದರಲ್ಲೂ ನಾನು ನಗುತ್ತಿದ್ದೇನೆ.

ಒರ್ಲ್ಯಾಂಡೋದಿಂದ ಮಾರಿಸ್‌ವಿಲ್‌ಗೆ ಹಿಂದಿರುಗಿ ಮತ್ತೆ ಮೆಟ್ಟಿಲ ಮೇಲೆ ಲೋಟ ಇಟ್ಟೆ. ಇಲ್ಲಿ ಶಾರ್ಲೆಟ್‌ನಲ್ಲಿ, ಬ್ಯಾಲಂಟೈನ್ ಬಡಾವಣೆಯ ಆಫೀಸೊಂದರಲ್ಲಿ ಕೆಲಸ ಸಿಕ್ಕಿ, ಅವನ ವೀಸಾದ ಹಂಗು ತಪ್ಪಿ ನನ್ನ ಹೆಸರಿನಲ್ಲೇ ವೀಸಾ ಆಗಿ, ಈ ಅಪಾರ್ಟ್‌ಮೆಂಟಿಗೆ ಬರುವವರೆಗೂ ಅಲ್ಲೇ ಇದ್ದೆ. ಆ ದಿನಗಳ ವಿವರ ನಿಮಗೆ ಬೇಡ. ಅಕ್ಕನಿಗೂ ಬೇಕಾಗಿರಲಿಲ್ಲ.

ಕಾಲ ಎಲ್ಲವನ್ನೂ ಮರೆಸುತ್ತದೆ ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ನನಗೆ ಅಕ್ಕನ ಮೇಲೆ ಕೋಪವಿದೆ. ಆಗುವುದಿಲ್ಲ ಎಂದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ, ಅವಳಿಗೂ ಅವಳ ಸಂಸಾರವಿದೆ. ಕೇಳುವುದಕ್ಕೇ ಬಿಡಲಿಲ್ಲವಲ್ಲ! ಒಂದು ಇಡೀ ಊರನ್ನು, ಅದರ ಕೋಟೆ, ಇಗರ್ಜಿ, ಸಿಂಹಗಳನ್ನೆಲ್ಲ ತಂದು ನನ್ನ ಬಾಯಿಗೆ ಅಡ್ಡ ಇಟ್ಟಳಲ್ಲ. ಆ ಚಿಪ್ಪುಕಲ್ಲಿನ ಗೋಡೆಯನ್ನು ನಾನು ಸುಮ್ಮನೆ ಮೆಚ್ಚಿಕೊಂಡು ನಿಂತಿದ್ದೆ, ಅಂಥದ್ದೇ ಒಂದು ಗೋಡೆ ನನ್ನ ಪಕ್ಕದಲ್ಲೇ ನಿಂತು ಫೋಟೋ ತೆಗೆಯುತ್ತಿತ್ತು.

ಬಾಟಲಿಯ ಸೀಲು ಒಡೆದೆ. ಬೆರಳ ತುದಿಯಲ್ಲಿ ನೆಕ್ಕಿದರೆ ಮೊದಲು ಸಿಹಿ, ಖಾರ ಬಂದದ್ದು ನಿಧಾನಕ್ಕೆ. ಕಣ್ಣಲ್ಲಿ ನೀರು ಬಂತು, ಅದು ಖಾರಕ್ಕೇ ಎಂದು ನೀವು ನಂಬಿದರೆ ನನಗೇನೂ ಅಭ್ಯಂತರವಿಲ್ಲ.

ಬರಬೇಡ ಎಂದು ಬರೆದು ಅಳಿಸಿದೆ. ಊರಲ್ಲಿರುವುದಿಲ್ಲ ಎಂದು ಬರೆದು ಅದನ್ನೂ ಅಳಿಸಿದೆ, ಆ ವಿದ್ಯೆ ಅವಳಿಗಿರಲಿ. ಆಮೇಲೆ ಕಿಟಕಿಯಿಂದ ಹೊರಗೆ ನೋಡಿದೆ. ಬ್ಯಾಲಂಟೈನ್‌ನಲ್ಲಿ ಏನಿದೆ? ಆಫೀಸು ಕಟ್ಟಡಗಳು, ಪಾರ್ಕಿಂಗ್ ಲಾಟು, ಅದರಾಚೆ ಇನ್ನೊಂದು ಪಾರ್ಕಿಂಗ್ ಲಾಟು. ಒಳಗೆ ನನ್ನ ಊಟದ ಟೇಬಲ್ಲು, ಅದಕ್ಕೆ ಎರಡೇ ಕುರ್ಚಿ. ತನ್ವಿಯನ್ನು ಕರೆದುಕೊಂಡು ಭಾವ ಅಪಾರ್ಟ್‌ಮೆಂಟಿನ ಈಜುಕೊಳಕ್ಕೆ ಹೋಗಬಹುದು.

ಅಕ್ಕನಿಗೆ ಬರೆದೆ: "ಬಾ ಅಕ್ಕ. ಅರ್ಧ ದಿನ ಅಲ್ಲ, ಇಡೀ ದಿನ ಇಟ್ಕೊಂಡು ಬಾ. ಇಲ್ಲಿ ನೋಡೋಕೆ ಏನೂ ಇಲ್ಲ."