ಹೆಸರು ಹೇಳದೆ ಹಾಕಿದ ಎಲೆ

ಆಗ ನನಗೆ ಅರವತ್ತೆಂಟು. ಇದು ನಡೆದು ಹತ್ತು ವರ್ಷದ ಮೇಲಾಯಿತು. ಅದಕ್ಕೆ ಮೊದಲು ಯಾರಾದರೂ ಸತ್ತವರು ಬಂದರು, ಉಂಡರು ಅಂದರೆ ನಾನು ಎದ್ದು ಹೋಗುತ್ತಿದ್ದೆ. ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ಮನೆಯ ಸತ್ತವರಿಗೆ, ಬಡಿಸುವುದನ್ನು ಒಂದು ವರ್ಷವೂ ಬಿಟ್ಟವಳಲ್ಲ. ನಂಬಿ ಅಲ್ಲ. ಅತ್ತೆ ಮಾಡುತ್ತಿದ್ದರು, ನಾನೂ ಮಾಡಿದೆ. ಬಡಿಸಿ ಬಾಗಿಲು ಹಾಕುವುದು, ಸ್ವಲ್ಪ ಹೊತ್ತು ಬಿಟ್ಟು ಕೆಮ್ಮಿ ತೆಗೆಯುವುದು, ಬಡಿಸಿದ್ದು ಬಡಿಸಿದ ಹಾಗೇ ಇರುವುದು, ಆಮೇಲೆ ಅದನ್ನು ನಾವೇ ತಿನ್ನುವುದು. ನೀವು ಇದನ್ನು ನಂಬದಿದ್ದರೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಅಬುಧಾಬಿಯಲ್ಲಿ, ಹಮ್ದಾನ್ ಸ್ಟ್ರೀಟಿನ ಮಗನ ಫ್ಲ್ಯಾಟಿನಲ್ಲಿದ್ದೆ. ಮಗ ಪ್ರಕಾಶ, ಸೊಸೆ ಶ್ವೇತಾ ಇಬ್ಬರೂ ಕೆಲಸಕ್ಕೆ ಹೋಗುವವರು. ಮೊಮ್ಮಗಳನ್ನು ನೋಡಿಕೊಳ್ಳಲು ಶ್ರೀಲಂಕಾದ ತಮಿಳು ಹುಡುಗಿ ತರ್ಶಿನಿಯನ್ನು ಇಟ್ಟುಕೊಂಡಿದ್ದರು. ನನ್ನ ಗಂಡ ಕೊಯಮತ್ತೂರಿನಲ್ಲಿ ಹೋಟೆಲು ನಡೆಸಿದವರು, ಹಾಗಾಗಿ ಬೈಯಲು ಬೇಕಾದಷ್ಟು ತಮಿಳು ನನಗೆ ಬರುತ್ತದೆ. ದಿನವಿಡೀ ಅವಳನ್ನು ಬೈಯುತ್ತಿದ್ದೆ. ಕೆಲಸದಲ್ಲಿ ತಪ್ಪಿಲ್ಲ. ಆದರೆ ಮನೆಯೊಳಗಿನ ಒಂದು ಬಾಗಿಲನ್ನೂ ಮುಚ್ಚಲು ಬಿಡುವವಳಲ್ಲ. ಅಡುಗೆಮನೆಯಲ್ಲಿ ಮಲಗಲು ಚಾಪೆ ಕೊಟ್ಟರೆ ಅದನ್ನು ಮಡಚಿ ಬೆನ್ನಿಗಿಟ್ಟು, ಗೋಡೆಗೆ ಒರಗಿ, ಕೂತಲ್ಲೇ ನಿದ್ದೆ.

“ಮಲಗು ಮಾರಾಯ್ತಿ, ನೆಲ ಎಂತ ಕಚ್ಚುತ್ತದಾ?” ಅಂದರೆ, “ಕೂತಿದ್ರೆ ಬೇಗ ಎದ್ದು ಓಡ್ಬಹುದು ಅಮ್ಮಾ” ಅನ್ನುವಳು.

ಕಾರಣವನ್ನು ಒಂದು ದಿನ ಬೀನ್ಸ್ ಮುರಿಯುವಾಗ ಹೇಳಿದಳು. ಅವರ ದೇಶದಲ್ಲಿ ಯುದ್ಧ ನಡೆಯುವಾಗ, ಹದಿನಾಲ್ಕು ವರ್ಷದ ಇವಳನ್ನು ಅಲ್ಲಿನ ಬಂಡುಕೋರರು ಮನೆಯಿಂದ ಎಳೆದುಕೊಂಡು ಹೋಗಿ, ಕೂದಲು ಕತ್ತರಿಸಿ, ಕೈಗೆ ಬಂದೂಕು ಕೊಟ್ಟಿದ್ದರಂತೆ. ಯುದ್ಧ ಮುಗಿದ ಮೇಲೆ ಸರ್ಕಾರದವರು ಕ್ಯಾಂಪಿನಲ್ಲಿಟ್ಟು, ಹೊಲಿಗೆ ಕಲಿಸಿ, ಇನ್ನು ಸರಿಯಾದಳು ಅಂತ ಮನೆಗೆ ಕಳಿಸಿದರಂತೆ. ಹೊಲಿಗೆ ಕಲಿತರೆ ಸರಿಯಾಗುತ್ತದಾ? ಯಾರ ತಲೆಗೆ ಹೊಳೆದದ್ದೋ. ಊರಿನಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರು ಇವಳನ್ನು ದಾರಿಯಲ್ಲಿ ನಿಲ್ಲಿಸಿ, ನಮ್ಮವರು ಬರಲಿಲ್ಲ, ನೀನು ಹೇಗೆ ಬಂದೆ ಎಂದು ಕೇಳುತ್ತಿದ್ದರಂತೆ. ಅದನ್ನು ಕೇಳಲಾರದೆ ಗಲ್ಫಿಗೆ ಬಂದವಳು. ಮತ್ತೆ ಆ ಊರಿಗೆ ಮಾತ್ರ ಕಳಿಸಬೇಡಿ ಅಂದಳು.

ಆ ವರ್ಷ ಈದ್ ಆಟಿಯಲ್ಲೇ ಬಂತು. ಕಡಲ ಬದಿಯ ಕಾರ್ನಿಶ್ ಕಡೆ ಪಟಾಕಿ ಶುರುವಾದದ್ದೇ ತಡ, ತರ್ಶಿನಿ ಮಗುವನ್ನು ಎತ್ತಿಕೊಂಡು ಮಂಚದ ಅಡಿಗೆ ನುಗ್ಗಿದಳು. ಅಳಬಾರದೆಂದು ಮಗುವಿನ ಬಾಯಿ ಒತ್ತಿ ಹಿಡಿದಿದ್ದಳು. ನಾವು ಹೊರಗೆ ಎಳೆಯುವಾಗ ಮಗುವಿನ ಕೆನ್ನೆಯಲ್ಲಿ ಬೆರಳಿನ ಗುರುತು. ಶ್ವೇತಾ ಕೂಗಾಡಿದ್ದಕ್ಕೆ, ಪೆದ್ದಿ, ಎಲ್ಲವನ್ನೂ ಬಾಯಿ ಬಿಟ್ಟಳು.

“ಬಂದೂಕು ಹಿಡಿದವಳ ಕೈಗೆ ಮಗುವನ್ನು ಹೇಗೆ ಕೊಡುವುದು ಅತ್ತೆ? ಖಲಾಸ್, ಟಿಕೆಟ್ ಮಾಡಿ ಕಳಿಸುವ.”

ಪ್ರಕಾಶ ತಲೆ ಆಡಿಸಿದ. ಅವನದ್ದು ಯಾವಾಗಲೂ ಅಷ್ಟೇ. ಸೊಸೆಯ ತಪ್ಪೆಂದೂ ಹೇಳಲಾರೆ, ಹೆತ್ತವಳು. ಕುಲೆಗಳಿಗೆ ಬಡಿಸುವುದೊಂದು ಮುಗಿಯಲಿ, ನನಗೆ ಕೈಯಾಳು ಬೇಕು ಅಂದೆ.

ಅಲ್ ಮೀನಾ ಮಾರ್ಕೆಟಿನಿಂದ ಅಂಜಲ್ ಮೀನು, ಬಾಳೆಲೆ ತರಿಸಿದೆ. ಸಂಜೆ ದೀಪ ಹಚ್ಚಿ ನನ್ನ ಕೋಣೆಯಲ್ಲಿ ಎಲೆ ಹಾಕಿದೆ. ಎಲೆ ಯಾರದ್ದೋ ಅವರ ಹೆಸರು ಹೇಳಿಯೇ ಹಾಕಬೇಕು. ಹೇಳದೆ ಹಾಕಿದರೆ ಯಾರು ಬಂದು ಕೂರುತ್ತಾರೋ ಗೊತ್ತಿಲ್ಲ ಎಂದು ಅತ್ತೆ ಹೆದರಿಸುತ್ತಿದ್ದರು.

ತರ್ಶಿನಿ ಬಾಗಿಲಲ್ಲಿ ನಿಂತು, “ಮನೆಯವರಿಗೆ ಮಾತ್ರವಾ ಅಮ್ಮಾ?” ಅಂದಳು.

“ಮತ್ತೆ? ಊರಿಗೆಲ್ಲ ಬಡಿಸಲು ಇದೆಂತ ಮದುವೆಯಾ?”

ಆ ಮಾತಿನ ಭರದಲ್ಲಿ ಒಂದು ಎಲೆ ಹೆಚ್ಚು ಹಾಕಿ, ಬಡಿಸಿಯೂ ಬಿಟ್ಟಿದ್ದೆ. ಹೇಳಲು ಹೆಸರು ಉಳಿದಿರಲಿಲ್ಲ. ಬಡಿಸಿದ ಎಲೆ ಎತ್ತಬಾರದು. ಸಿಟ್ಟಿನಲ್ಲಿ ಹಾಗೇ ಬಿಟ್ಟು, ಮಗು ನುಗ್ಗದ ಹಾಗೆ ಬಾಗಿಲಿಗೆ ಬೀಗ ಹಾಕಿ, ಕೀಲಿಕೈಯನ್ನು ಸೆರಗಿಗೆ ಕಟ್ಟಿಕೊಂಡೆ. ಮುಚ್ಚಿದ ಬಾಗಿಲು ತರ್ಶಿನಿಗೆ ಆಗದು. ನನ್ನ ಸೀರೆ ಹಿಡಿದುಕೊಂಡು ಪಕ್ಕದಲ್ಲೇ ಕೂತಳು, ಎದ್ದು ಎಲ್ಲಿಗೂ ಹೋಗಲಿಲ್ಲ. ಮಗ, ಸೊಸೆ, ಮಗು ಎದುರಿನ ಸೋಫಾದಲ್ಲೇ ಇದ್ದರು.

ಕೆಮ್ಮಿ ಬಾಗಿಲು ತೆಗೆದೆ. ಮನೆಯವರ ಎಲೆಗಳೆಲ್ಲ ಬಡಿಸಿದ ಹಾಗೇ ಇದ್ದವು. ಹೆಚ್ಚು ಹಾಕಿದ್ದ ಎಲೆ ಮಾತ್ರ ಪೊಟ್ಟಣವಾಗಿತ್ತು. ಅಂಚಿನಿಂದಲೇ ಒಂದು ಸೀಳು ತೆಗೆದು ದಾರದ ಹಾಗೆ ಸುತ್ತಿ, ಪಕ್ಕಕ್ಕೆ ಗಂಟು ಹಾಕಿತ್ತು. ಬಿಚ್ಚಿದೆ. ಮೀನಿನ ತುಂಡು ಇತ್ತು. ಅನ್ನ ಅರ್ಧವೇ ಇತ್ತು.

ಶ್ವೇತಾ ತರ್ಶಿನಿಯ ಮುಖ ನೋಡಿದಳು. “ಅವಳನ್ನೆಂತ ನೋಡುವುದು? ನಿನ್ನ ಕಣ್ಣೆದುರಿಗೇ ಕೂತಿದ್ದಳಲ್ಲ” ಅಂದೆ.

ತರ್ಶಿನಿ ಪೊಟ್ಟಣ ಮುಟ್ಟಲಿಲ್ಲ. “ಮಲರ್ ಹೀಗೇ ಕಟ್ಟಿಡ್ತಿದ್ದಳು ಅಮ್ಮಾ” ಅಂದಳು.

ಮಲರ್ ಎಂದರೆ ಇವಳ ಜೊತೆಗೇ ಎಳೆದೊಯ್ದ ಪಕ್ಕದ ಮನೆಯ ಹುಡುಗಿ. ಇವಳು ಕಾವಲು ಮುಗಿಸಿ ಬರುವಾಗ ಹಸಿದಿರುತ್ತಾಳೆಂದು ತನ್ನ ಪಾಲಿನ ಅರ್ಧ ಅನ್ನ ಕಟ್ಟಿಡುತ್ತಿದ್ದಳಂತೆ. ಕೊನೆಗೆ ಶೆಲ್ ಬಿದ್ದಾಗ ಅವಳನ್ನು ಅಲ್ಲೇ ಬಿಟ್ಟು ಇವಳು ಓಡಿ ಬಂದವಳು. ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದವರಲ್ಲಿ ಮಲರ್‌ಳ ತಾಯಿಯೂ ಇದ್ದಳು.

“ತಿನ್ನು, ತಣಿದು ಹೋಗುತ್ತದೆ” ಅಂದೆ. ಅಡುಗೆಮನೆಯಲ್ಲಿ ಕೂತು ಒಂದಗುಳು ಬಿಡದೆ ತಿಂದಳು.

ಎ.ಸಿ. ಗಾಳಿಗೆ ಎಲೆ ಮಡಚಿರಬೇಕು ಅಂದ ಪ್ರಕಾಶ. ಗಾಳಿ ಗಂಟು ಹಾಕುತ್ತದಾ? ಇಂಜಿನಿಯರ್ ಆದವನು ಆಡುವ ಮಾತಾ ಅದು? ನೀವೇ ಕಟ್ಟಿಟ್ಟು ಮರೆತಿರಬೇಕು ಅತ್ತೆ, ಅಂದಳು ಶ್ವೇತಾ. ಆ ಗಂಟನ್ನು ಆಮೇಲೆ ಎಷ್ಟೋ ಸಲ ಹಾಕಿ ನೋಡಿದ್ದೇನೆ, ಎಲೆ ಹರಿಯುತ್ತದೆ. ಯಾರು ಕಟ್ಟಿದ್ದು? ನನಗೆ ಗೊತ್ತಿಲ್ಲ. ಇಷ್ಟು ವಯಸ್ಸಾದ ಮೇಲೆ ಗೊತ್ತಿಲ್ಲದ್ದೊಂದನ್ನು ಹೊತ್ತುಕೊಂಡು ತಿರುಗುವುದೆಂದರೆ ಮೈಯೆಲ್ಲ ಉರಿಯುತ್ತದೆ.

ಮರುದಿನ ಬೆಳಿಗ್ಗೆ ಚಹಾಕ್ಕೆಂದು ಹೋದರೆ ಅಡುಗೆಮನೆಯ ಬಾಗಿಲು ಮುಚ್ಚಿತ್ತು. ತಳ್ಳಿದೆ. ತರ್ಶಿನಿ ಚಾಪೆ ಬಿಡಿಸಿ, ಕೈಕಾಲು ಚಾಚಿ, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಸ್ಟವ್ ಹತ್ತಿರ ಹೋಗಬೇಕಾದರೆ ಅವಳನ್ನು ದಾಟಬೇಕು. ಮಲಗಿದವರನ್ನು ದಾಟಬಾರದು. ಬಾಗಿಲು ಮೊದಲಿದ್ದ ಹಾಗೇ ಎಳೆದು, ಕುರ್ಚಿ ತಂದು ಅಡ್ಡ ಹಾಕಿ ಕೂತೆ. ಮಗ, ಸೊಸೆ ಬ್ಯಾಗು ಹಿಡಿದು ಚಹಾಕ್ಕೆ ಬಂದರು. ಕೆಳಗೆ ಕೆಫೆಟೇರಿಯಾದಲ್ಲಿ ಕುಡಿಯಿರಿ ಅಂದೆ. ಪ್ರಕಾಶ ಟಿಕೆಟಿನ ಮಾತು ತೆಗೆದ. “ಟಿಕೆಟ್ ಮಾಫಿ, ಟಿಕೆಟೂ ಇಲ್ಲ ಎಂತದೂ ಇಲ್ಲ” ಅಂದೆ. ಅಷ್ಟು ಅರಬಿ ನನಗೂ ಬರುತ್ತದೆ. ಶ್ವೇತಾ ಬಾಗಿಲ ಸಂದಿಯಿಂದ ಒಳಗೆ ನೋಡಿದಳು, ಮಗುವನ್ನು ನನ್ನ ಮಡಿಲಿಗೆ ಹಾಕಿ ಹೋದಳು. ತರ್ಶಿನಿ ತಾನಾಗಿ ಏಳುವ ತನಕ, ಚಹಾ ಇಲ್ಲದೆ ತಲೆ ಸಿಡಿಯುತ್ತಿದ್ದರೂ, ನಾನು ಆ ಕುರ್ಚಿ ಬಿಟ್ಟು ಏಳಲಿಲ್ಲ.