ಮೊದಲು ಟೆಸ್ಟರ್

ಹುಮನಾಬಾದಿನ ಕಾರ್ಖಾನೆಗಳಲ್ಲಿ ಯಂತ್ರ ರಿಪೇರಿ ಮಾಡುವ ನಮಗೆ ಕರೆಂಟಿನ ಕೆಲಸ ಕಲಿಸಿದ ಮಾಸ್ತರರು ಅವರು. ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದ ಕಡೆ ಟೆಸ್ಟರ್ ಇರುತ್ತಿತ್ತು. ತಂತಿ ಮುಟ್ಟುವ ಮೊದಲು ಅದನ್ನು ಕರೆಂಟಿರುವ ಸಾಕೆಟ್ಟಿಗೆ ಹಚ್ಚಿ, ಅದರ ದೀಪ ಹತ್ತುತ್ತದೆಯೇ ಎಂದು ನೋಡುತ್ತಿದ್ದರು. ಆಮೇಲೆಯೇ ತಂತಿಗೆ ಹಚ್ಚುತ್ತಿದ್ದರು. "ಯಾರ ಮ್ಯಾಲೂ ಭರೋಸಾ ಇಡಬ್ಯಾಡ್ರಿ" ಎನ್ನುವುದು ದಿನದ ಮಾತು.

ಒಮ್ಮೆ ತರಬೇತಿಯಲ್ಲಿ, "ಮೇನ್ ಬಂದ್ ಮಾಡೀನಿ, ವೈರ್ ಬಿಚ್ರಿ" ಎಂದರು. ಗುರುಗಳ ಮಾತನ್ನು ಅವರೆದುರೇ ಪರೀಕ್ಷಿಸುವುದು ಮರ್ಯಾದೆಯಲ್ಲವೆಂದು ನಾನು ಹಾಗೇ ಕೈ ಚಾಚಿದೆ. ಅವರು ನನ್ನ ಮಣಿಕಟ್ಟು ಹಿಡಿದು, ತಂತಿಗೆ ಟೆಸ್ಟರ್ ಹಚ್ಚಿದರು. ದೀಪ ಹತ್ತಿತು.

"ನನ್ನ ಮಾತ ಯಾಕ ನಂಬಿದ್ರಿ?"

ಹೋದ ತಿಂಗಳು ನಮ್ಮ ಕಾರ್ಖಾನೆಯಲ್ಲಿ ಒಂದು ಮೋಟಾರ್ ಬಿಚ್ಚಬೇಕಿತ್ತು. "ಲೈನ್ ಬಂದ್ ಅದ" ಎಂದರು ಸೂಪರ್‌ವೈಜರ್. ನಾನು ಟೆಸ್ಟರ್ ಹಚ್ಚಿದೆ. ದೀಪ ಹತ್ತಿತು. ಅವರು ಬಂದ್ ಮಾಡಿದ್ದು ಪಕ್ಕದ ಯಂತ್ರದ ಸ್ವಿಚ್ಚು.

ಸಂಜೆ ಬಸವಕಲ್ಯಾಣದ ಬಸ್ಸಿನಲ್ಲಿ ಕೂತು ಮಾಸ್ತರರಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿ, "ಇವತ್ತ ನಿಮ್ಮಿಂದ ಉಳಿದೀನ್ರಿ ಸರ್" ಎಂದೆ.

ಅವರು ಕೇಳಿದ್ದು ಒಂದೇ ಮಾತು:

"ಟೆಸ್ಟರ್ ಮೊದಲ ಸಾಕೆಟ್ಟಿಗಿ ಹಚ್ಚಿ ನೋಡಿದ್ರಿ?"

ನೋಡಿರಲಿಲ್ಲ. ಹೌದೆಂದಿದ್ದರೂ ಅವರು ನಂಬುತ್ತಿರಲಿಲ್ಲ.